ಚೀಲದ ಕೆಳಗಿನ ಅಕ್ಷರ

ಮೊದಲ ದಿನ ನಾನು ಆ ಮನೆಗೆ ಹೋದದ್ದು ಹುಡುಗನನ್ನು ನೋಡಲು ಅಲ್ಲ, ಅವನ ಮನೆಯ ಗೋಡೆಗಳನ್ನು ನೋಡಲು.

ಕೊಟ್ಟೂರಿನಲ್ಲಿ ಮಂಡಕ್ಕಿ ಭಟ್ಟಿಗಳ ಓಣಿ ಅದು. ಮುಂದೆ ಭಟ್ಟಿ, ಹಿಂದೆ ಮನೆ, ನಡುವೆ ಒಂದೇ ಗೋಡೆ. ಭತ್ತದ ಹೊಟ್ಟು ಉರಿಸಿ, ಮರಳು ಕಾಯಿಸಿ, ಅದರಲ್ಲಿ ಅಕ್ಕಿ ಅರಳಿಸುತ್ತಾರೆ. ಆ ಹೊಟ್ಟಿನ ಮಸಿ ಇಡೀ ಓಣಿಯ ಮೇಲೆ ತೆಳ್ಳಗೆ ಕೂತಿರುತ್ತದೆ. ಒಣಹಾಕಿದ ಬಟ್ಟೆ, ನೀರಿನ ಕೊಡ, ಮಕ್ಕಳ ರೆಪ್ಪೆ, ಯಾವುದನ್ನೂ ಬಿಡುವುದಿಲ್ಲ. ಹಿಂದಿನ ಕೋಣೆಯ ಗೋಡೆಗೆ ನಾನು ಒಂದು ಬೆರಳು ಒತ್ತಿ ತೆಗೆದೆ. ತುದಿ ಕಪ್ಪಾಗಿತ್ತು. ಓ ಮೈ ಗಾಡ್, ಅಂದುಕೊಂಡೆ. ಇಲ್ಲಿ ನಾನೊಂದು ಸ್ಟೆರೈಲ್ ರೂಮ್ ಮಾಡಿಕೊಡಬೇಕಿತ್ತು.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಹೆಡ್ ನರ್ಸ್, ರಿಟೈರ್‌ಮೆಂಟ್ ಹತ್ತಿರವಿತ್ತು. ದಾವಣಗೆರೆಯ ಕಿಡ್ನಿ ಡಾಕ್ಟರು ಫೋನ್ ಮಾಡಿ, "ಸಿಸ್ಟರ್, ನಿಮ್ಮೂರಿನ ಹುಡುಗ ಒಬ್ಬನಿಗೆ ಹೊಟ್ಟೆಗೆ ಟ್ಯೂಬ್ ಹಾಕಿದ್ದೇನೆ. ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳಬೇಕು. ಆ ಮನೆಯವರಿಗೆ ಕೈ ತೊಳೆಯುವುದನ್ನು ಕಲಿಸುತ್ತೀರಾ?" ಎಂದಿದ್ದರು. ಕೈ ತೊಳೆಯುವುದು! ಬಳ್ಳಾರಿಯ ಕಾನ್ವೆಂಟಿನಲ್ಲಿ ನಮ್ಮ ನನ್ಸ್ ಅದನ್ನು ಪ್ರೇಯರ್ ಕಲಿಸಿದ ಹಾಗೆ ಕಲಿಸಿದ್ದರು. ಒಪ್ಪಿಕೊಂಡೆ.

ಹುಡುಗನಿಗೆ ಇಪ್ಪತ್ತನಾಲ್ಕು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮೊದಲು ಮೆಷಿನ್ ಡಯಾಲಿಸಿಸ್ ಮಾಡಿ ನೋಡಿದ್ದರು. ರಕ್ತ ಮೆಷಿನ್ನಿಗೆ ಹೋದೊಡನೆ ಅವನ ಬಿ.ಪಿ. ಪಾತಾಳಕ್ಕೆ ಇಳಿಯುತ್ತಿತ್ತು, ಹೃದಯ ಅಷ್ಟು ವೀಕ್. ಉಳಿದದ್ದು ಈ ಒಂದೇ ದಾರಿ. ಹೊಟ್ಟೆಯಿಂದ ಹೊರಗೆ ಬಂದ ಒಂದು ಮೆತ್ತನೆ ಕೊಳವೆ. ಅದರ ಮೂಲಕ ಎರಡು ಲೀಟರ್ ಔಷಧಿ ನೀರನ್ನು ಹೊಟ್ಟೆಯೊಳಗೆ ಬಿಡಬೇಕು. ಕೆಲವು ಗಂಟೆ ಅದು ಒಳಗೇ ಕೂತು, ಮೈಯ ಕಶ್ಮಲವನ್ನೂ ಹೆಚ್ಚಾದ ನೀರನ್ನೂ ಎಳೆದುಕೊಳ್ಳುತ್ತದೆ. ಆಮೇಲೆ ಅದನ್ನು ಖಾಲಿ ಚೀಲಕ್ಕೆ ಇಳಿಸಿ ಹೊಸದನ್ನು ಬಿಡಬೇಕು. ದಿನಕ್ಕೆ ನಾಲ್ಕು ಸಲ, ಜೀವ ಇರುವ ತನಕ. ಮೆಷಿನ್ ಬೇಡ, ಕರೆಂಟ್ ಬೇಡ. ಷರತ್ತು ಒಂದೇ: ಕೊಳವೆಯ ಬಾಯಿ ತೆರೆದು ಮುಚ್ಚುವ ಆ ಎರಡು ಕ್ಷಣದಲ್ಲಿ ಒಂದು ಕ್ರಿಮಿಯೂ ಒಳಗೆ ಹೋಗಬಾರದು. ಹೋದರೆ ಹೊಟ್ಟೆಯೊಳಗೆ ಸೋಂಕು. ಸೋಂಕು ಜೋರಾದರೆ ಕೊಳವೆ ಕೀಳಬೇಕು. ಕೊಳವೆ ಹೋದರೆ ಈ ಹುಡುಗನಿಗೆ ಬೇರೆ ಏನೂ ಇರಲಿಲ್ಲ.

ಅದಕ್ಕೇ ಗೋಡೆ ನೋಡಿದ್ದು.

ಹಿಂದಿನ ಕೋಣೆಯನ್ನು ಖಾಲಿ ಮಾಡಿಸಿದೆ. ಜೋಳದ ಮೂಟೆ, ಹಳೆಯ ಟ್ರಂಕು, ದೇವರ ಫೋಟೋ ಎಲ್ಲವೂ ಹೊರಗೆ. ಗೋಡೆಗೆ ಎರಡು ಕೈ ಆಯಿಲ್ ಪೇಂಟ್. ಭಟ್ಟಿಯ ಕಡೆಯ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಬಡಿದು ಮುಚ್ಚಿಸಿದೆ. ಚೀಲ ತೂಗುಹಾಕಲು ಎತ್ತರದಲ್ಲಿ ಒಂದು ಕೊಂಡಿ, ಬಾಗಿಲ ಹೊರಗೆ ನಲ್ಲಿ, ಸೋಪು, ಮೊಳಕೈಯಿಂದ ತಿರುಗಿಸುವ ಹಾಗೆ ಉದ್ದನೆಯ ಹಿಡಿ. ಹುಡುಗನ ಅಪ್ಪ ನಾನು ಹೇಳಿದ್ದನ್ನೆಲ್ಲ ಮಾತಿಲ್ಲದೆ ಮಾಡಿದ. ಹೆಂಡತಿ ಸತ್ತು ಬಹಳ ವರ್ಷವಾಗಿತ್ತು. ಬೆಂಕಿಯ ಮುಂದೆ ನಿಂತು ನಿಂತು ಮನುಷ್ಯ ಮಾತನ್ನೇ ಮರೆತಂತಿದ್ದ. ಮನೆಯಲ್ಲಿ ಮಾತಾಡುತ್ತಿದ್ದವರು ಇಬ್ಬರು, ಹುಡುಗ ಮತ್ತು ಅವನ ಅಜ್ಜಿ. ಹುಡುಗನ ತಂಗಿ ನಗುತ್ತಿದ್ದಳು, ಅಷ್ಟೆ.

ಟ್ರೇನಿಂಗ್ ಶುರುವಾಯಿತು. ಬಾಗಿಲು ಮುಚ್ಚು. ಫ್ಯಾನ್ ಆರಿಸು. ಮೂಗು ಬಾಯಿಗೆ ಮಾಸ್ಕ್. ಕೈ ತೊಳೆ, ಉಗುರಿನ ಸಂದಿ, ಬೆರಳ ನಡುವೆ, ಮಣಿಕಟ್ಟು. ಚೀಲದ ಹೊದಿಕೆ ಹರಿ. ತೂಗುಹಾಕು. ಕೊಳವೆಯ ಮುಚ್ಚಳ ತೆಗೆ, ಏನನ್ನೂ ಮುಟ್ಟಿಸದೆ ಜೋಡಿಸು. ಹಳೆಯದು ಇಳಿಯಲಿ. ಹೊಸದು ಏರಲಿ. ಕ್ಲ್ಯಾಂಪ್. ಹೊಸ ಮುಚ್ಚಳ. ಒಂದು ಸ್ಟೆಪ್ ತಪ್ಪಿದರೂ ನಾನು ಮೊದಲಿನಿಂದ ಮಾಡಿಸುತ್ತಿದ್ದೆ.

"ಸಿಸ್ಟರ್, ನಮ್ ಸಾಲ್ಯಾಗ ಮಾಸ್ತರ್ರು ಹೊಡದ ಬಿಡ್ತಿದ್ರು. ನೀವು ಹೊಡಿಯಂಗಿಲ್ಲ, ಬಿಡಂಗೂ ಇಲ್ಲ" ಎಂದ ಹುಡುಗ.

ಕಾಯಿಲೆ ಬೀಳುವ ಮೊದಲು ಲಗೇಜ್ ಆಟೋದಲ್ಲಿ ಮಂಡಕ್ಕಿ ಚೀಲ ಹೇರಿಕೊಂಡು ಸಂತೆ ಸಂತೆ ತಿರುಗುತ್ತಿದ್ದವನು ಅವನು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ನಡುವಿನ ಕೋಗಳಿ, ತೆಲಿಗಿ, ಯಾವ ಊರಿನಲ್ಲಿ ಯಾವ ಅಂಗಡಿಯವನು ಹೇಗೆ ಕೆಮ್ಮುತ್ತಾನೆ ಎನ್ನುವುದನ್ನೂ ಮಾಡಿ ತೋರಿಸುತ್ತಿದ್ದ. ಊದಿದ ಮುಖ, ಬೂದಿ ಬಣ್ಣ, ಆದರೆ ಕಣ್ಣು ಮಾತ್ರ ಸಂತೆಯಲ್ಲೇ ಇರುತ್ತಿತ್ತು. ಔಷಧಿ ನೀರಿಗೆ ಅವನು ಇಟ್ಟ ಹೆಸರು "ಬೀಗರು".

"ಬೀಗರು ಬಂದ್ರು ನೋಡಜ್ಜಿ. ಒಳಗ ಕರಕೊ. ಕುಂದರ್ಲಿ ಪಾಪ, ನಾಕ್ ತಾಸು. ಹೋಗೋವಾಗ ಮನ್ಯಾಗಿನ ಕಸ ಎಲ್ಲಾ ಬಳಕೊಂಡು ಹೋಗ್ತಾರ. ಇಂಥಾ ಬೀಗರು ಯಾರಿಗೆ ಸಿಗ್ತಾರ್ಲೇ!"

ಅಜ್ಜಿಗೆ ನಗು ಬರುತ್ತಿರಲಿಲ್ಲ. ಅವಳಿಗೆ ಈ ಇಡೀ ಕೆಲಸ ಒಂದು ವ್ರತ. ಓದು ಬರಹ ಇಲ್ಲ, ಆದರೆ ಮೊಮ್ಮಗನಿಗಿಂತ ಮೊದಲು ಪ್ರೊಸೀಜರ್ ಕಲಿತವಳು ಅವಳೇ. ಸಮಸ್ಯೆ ಆದದ್ದು ಒಂದೇ ಸಲ. ಬೇಸಿಗೆಯ ಮಧ್ಯಾಹ್ನ, ಬಾಗಿಲು ಮುಚ್ಚಿದೆ, ಫ್ಯಾನ್ ಆರಿಸಿದೆ, ಹುಡುಗ ಬೆವರುತ್ತಿದ್ದಾನೆ. ಕೊಳವೆಯ ಬಾಯಿ ತೆರೆದ ಹೊತ್ತಿಗೆ ಸರಿಯಾಗಿ ಅಜ್ಜಿ ಮಂಡಕ್ಕಿ ಕೇರುವ ಮೊರ ತಂದು ಗಾಳಿ ಬೀಸಲು ಶುರುಮಾಡಿದಳು.

"ಸ್ಟಾಪ್ ಇಟ್!" ಎಂದು ಕೂಗಿಬಿಟ್ಟೆ.

ಅವಳು ಮೊರವನ್ನು ಎದೆಗವುಚಿಕೊಂಡು ಬೆಪ್ಪಾಗಿ ನಿಂತಳು. "ಯವ್ವಾ, ಕೂಸು ಬೇಯಾಕ ಹತ್ತೈತ್ರೀ."

"ಅಜ್ಜಿ, ಇಂಗ್ಲೀಷಿನ್ಯಾಗ ಬೈದ್ರು ಅಂದ್ರ ಭಾಳ ದೊಡ್ಡ ತಪ್ಪು" ಎಂದ ಹುಡುಗ ಮಾಸ್ಕಿನೊಳಗಿಂದ. ನಾವು ಆ ಮುಚ್ಚಳ, ಆ ಚೀಲ ಎರಡನ್ನೂ ಎಸೆದು ಹೊಸದರಿಂದ ಮಾಡಿದೆವು. ಆವತ್ತು ಏನೂ ಆಗಲಿಲ್ಲ. ಮೊರ ಮತ್ತೆ ಆ ಕೋಣೆಗೆ ಬರಲಿಲ್ಲ.

ಪ್ರತಿ ಸಲ ಹೊರಗೆ ಇಳಿದ ನೀರನ್ನು ಪರೀಕ್ಷೆ ಮಾಡಬೇಕು. ಲ್ಯಾಬ್ ಬೇಕಿಲ್ಲ. ತುಂಬಿದ ಚೀಲವನ್ನು ನೆಲದ ಮೇಲೆ ಪೇಪರ್ ಹಾಸಿ ಅದರ ಮೇಲಿಡಬೇಕು. ನೀರು ತಿಳಿ ಹಳದಿ ಇದ್ದು, ಅದರ ಮೂಲಕ ಕೆಳಗಿನ ಅಕ್ಷರ ಓದಲು ಬಂದರೆ ಎಲ್ಲ ಸರಿ. ಅಕ್ಷರ ಮಸುಕಾದರೆ, ನೀರು ಅಕ್ಕಿ ತೊಳೆದ ನೀರಿನ ಹಾಗೆ ಕಂಡರೆ, ಸೋಂಕು. ಜ್ವರ, ನೋವು ಬರುವುದಕ್ಕೂ ಮೊದಲೇ ನೀರು ಹೇಳುತ್ತದೆ. ಆಗ ಒಂದು ಗಂಟೆಯೂ ಕಾಯಬಾರದು. ಇದನ್ನು ನಾನು ಅವರಿಗೆ ಎಷ್ಟು ಸಲ ಹೇಳಿದ್ದೆನೋ.

ನಾನು ವಾರಕ್ಕೆರಡು ಸಲ ಮಾತ್ರ ಹೋಗಬಲ್ಲೆ. ಹಾಗಾಗಿ ಒಂದು ಅರೇಂಜ್‌ಮೆಂಟ್ ಮಾಡಿದೆವು. ಬೆಳಗಿನ ಮೊದಲ ಚೀಲ ಇಳಿದೊಡನೆ ಹುಡುಗ ಭಟ್ಟಿಯ ಫೋನಿನ ಉದ್ದನೆಯ ವೈರು ಎಳೆದುಕೊಂಡು ನರ್ಸಿಂಗ್ ಹೋಮಿಗೆ ಫೋನ್ ಮಾಡಬೇಕು, ಚೀಲದ ಮೂಲಕ ಕಂಡ ಒಂದು ಸಾಲು ಓದಿ ಹೇಳಬೇಕು. ಅದೇ ಪೇಪರು ನಮ್ಮಲ್ಲಿಗೂ ಬರುತ್ತಿತ್ತು. ನಾನು ಓ.ಪಿ.ಡಿ. ತೆರೆಯುವ ಮುನ್ನ ಅದನ್ನು ಟೇಬಲ್ಲಿನ ಮೇಲೆ ಹರಡಿಕೊಂಡು ಕಾಯುತ್ತಿದ್ದೆ.

"ಗುಡ್ ಮಾರ್ನಿಂಗ್ ಸಿಸ್ಟರ್. ಇವತ್ತು ಶೇಂಗಾ ಧಾರಣಿ ಇಳದೈತಿ. ಐ ಆ್ಯಮ್ ಕ್ಲಿಯರ್."

ಅವನ ಇಂಗ್ಲೀಷು ನನ್ನ ಅಣಕ. ಚೀಲದ ಉಬ್ಬಿನ ಕೆಳಗೆ ಅಕ್ಷರಗಳು ದಪ್ಪಗೆ, ಡೊಂಕಾಗಿ ಕಾಣುವುದರಿಂದ ಅವನು ಓದುವಾಗ ತಡವರಿಸುತ್ತಿದ್ದ, ಒಂದನೇ ಕ್ಲಾಸಿನ ಮಗುವಿನ ಹಾಗೆ. ಸಿನಿಮಾ ಜಾಹೀರಾತು, ಶ್ರದ್ಧಾಂಜಲಿ, ಕೊಳವೆಬಾವಿ ಹೊಡೆಯುವವರ ಪ್ರಕಟಣೆ, ಸಿಕ್ಕಿದ್ದು ಓದುತ್ತಿದ್ದ. ಹಿಂದಿನಿಂದ ಅಜ್ಜಿಯ ದನಿ ಕೇಳುತ್ತಿತ್ತು, "ಪೂರ್ತಿ ಓದೋ ತಮ್ಮಾ, ಅರ್ಧಕ್ಕ ಬಿಡಬ್ಯಾಡ." ಅಜ್ಜಿಯ ಲೆಕ್ಕದಲ್ಲಿ ಓದುವುದು ಪರೀಕ್ಷೆಯಲ್ಲ, ಚಿಕಿತ್ಸೆಯೇ. ನೀರಿನ ಮೇಲೆ ಹೇಳುವ ಯಾವುದೋ ಮಂತ್ರ, ಅದಕ್ಕೇ ಮೊಮ್ಮಗ ಉಳಿದಿದ್ದಾನೆ ಎಂದು ಅವಳು ನಂಬಿದ್ದಾಳೆಂಬುದು ನನಗೆ ಗೊತ್ತಿತ್ತು. ತಿದ್ದಲಿಲ್ಲ. ಹಾರ್ಮ್‌ಲೆಸ್ ಅನಿಸಿತ್ತು.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ನಡುವೆ ಒಮ್ಮೆ ಅವನ ಪಾದ ಊದಿ, ತೂಕ ಏರತೊಡಗಿತು. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆಂದು ಅವನಿಗೆ ಅದನ್ನು ಮೊದಲೇ ಬಿಡಿಸಿದ್ದೆವು. ಚೀಲದ ನೀರು ತಿಳಿಯೇ ಇದೆ, ಅಡುಗೆಯಲ್ಲಿ ಉಪ್ಪಿಲ್ಲ ಎಂದು ಅಜ್ಜಿ ಆಣೆ ಮಾಡುತ್ತಾಳೆ. ನಾನೇ ಸಾರು ಕುಡಿದು ನೋಡಿದೆ. ಹಾರಿಬಲ್, ಉಪ್ಪೇ ಇಲ್ಲ. ಹಾಗಾದರೆ ಎಲ್ಲಿಂದ? ತಲೆ ಕೆಡಿಸಿಕೊಂಡು ಕೂತಿದ್ದಾಗ ಅವನ ಕೈ ತಾನಾಗಿಯೇ ಪಕ್ಕದ ಪುಟ್ಟಿಗೆ ಹೋಗಿ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿತು.

"ಅದೇನು ತಿನ್ನುತ್ತಿದ್ದೀಯ?"

"ಏನೂ ಇಲ್ಲಲ್ರೀ?"

"ಮಂಡಕ್ಕಿ ತಿಂದೆಯಲ್ಲ!"

"ಅಯ್ಯ, ಮಂಡಕ್ಕಿ ತಿನ್ನೋದು ಅಂತಾರೇನ್ರೀ? ಅದು ಬಾಯಾಡಸೋದು."

ಭಟ್ಟಿಗೆ ಹೋಗಿ ನೋಡಿದೆ. ಅರಳಿಸುವ ಮೊದಲು ಅಕ್ಕಿಗೆ ಉಪ್ಪುನೀರು ಕಲಸಿ ಇಡುತ್ತಾರೆ. ಆ ಉಪ್ಪುನೀರಿನ ಹದ ನೋಡುತ್ತಿದ್ದವನೇ ಅವನು. ಅಪ್ಪ, ಮಗ, ಅಜ್ಜಿ, ಮೂವರಿಗೂ ಮಂಡಕ್ಕಿಯಲ್ಲಿ ಉಪ್ಪಿದೆಯೆಂದು ಗೊತ್ತು. ಆದರೆ ಆ ಓಣಿಯಲ್ಲಿ ಮಂಡಕ್ಕಿ ಊಟದ ಲೆಕ್ಕಕ್ಕೇ ಬರುವುದಿಲ್ಲ. ಗಾಳಿ ತಿಂದ ಹಾಗೆ. ಅವತ್ತಿನಿಂದ ಪುಟ್ಟಿ ಹೊರಗೆ ಹೋಯಿತು. "ಮಂಡಕ್ಕಿ ಭಟ್ಟ್ಯಾಗ ಹುಟ್ಟಿ ಮಂಡಕ್ಕಿ ಬಿಟ್ಟ ಸನ್ಯಾಸಿ ನಾನು" ಎಂದು ಫೋನಿನಲ್ಲಿ ನಾಲ್ಕು ದಿನ ಹಾಡಿದ. ಊತ ಇಳಿಯಿತು.

ಆಮೇಲೆ ತಂಗಿಗೆ ಗಂಡು ನೋಡಲು ಶುರುಮಾಡಿದರು.

ಮನೆಯಲ್ಲಿ ಇಂಥ ಕಾಯಿಲೆಯವನು ಇದ್ದಾನೆಂದರೆ ಸಂಬಂಧ ಮುರಿಯುತ್ತದೆ, ಹುಡುಗಿಗೂ ರಕ್ತದಲ್ಲಿ ಬಂದಿರಬಹುದು ಎನ್ನುತ್ತಾರೆ ಎಂಬ ಭಯ ಅಪ್ಪನಿಗೆ. ಆ ಭಯ ಸುಳ್ಳಾಗಿರಲಿಲ್ಲ; ಒಂದು ಕಡೆಯವರು ಬಂದು ನೋಡಿ ಹೋದವರು ಮತ್ತೆ ಸುದ್ದಿ ಕಳಿಸಿರಲಿಲ್ಲ. ಎರಡನೆಯ ಸಂಬಂಧ ತೆಲಿಗಿ ಕಡೆಯದು. ಮಾತುಕತೆ ಮುಗಿದು, ಎಲೆ ಅಡಿಕೆ ಬದಲಾಯಿಸುವ ದಿನ ಗೊತ್ತಾಯಿತು. ಹುಡುಗನಿಗೆ ಸಂಭ್ರಮ. "ಈ ಸಲ ಖರೇ ಬೀಗರು ಬರಾಕ್ಹತ್ಯಾರ ಸಿಸ್ಟರ್. ನಿಮ್ಮ ಆ ಹೂವಿನ ಕಪ್ಪು ಬಸಿ ತರ್ರಿ. ನಮ್ಮವು ಸ್ಟೀಲಿನವು." ನನ್ನ ಮದುವೆಗೆ ಕಾನ್ವೆಂಟಿನ ಮದರ್ ಕೊಟ್ಟಿದ್ದ ಚೈನಾ ಟೀ ಸೆಟ್ ಅದು. ತರುತ್ತೇನೆ ಎಂದೆ.

ಆ ಬೆಳಿಗ್ಗೆ ಫೋನ್ ಎಂದಿನಂತೆ ಬಂತು. "ಹೊಸಪೇಟೆ ಬಸ್ ನಿಲ್ದಾಣದಲ್ಲಿ ಕುಡಿಯುವ ನೀರಿನ ವ್ಯವಸ್ಥೆಗೆ ಪ್ರಯಾಣಿಕರ ಒತ್ತಾಯ" ಎಂದು ಸರಸರ ಓದಿದ. ನನ್ನ ಪೇಪರಿನಲ್ಲೂ ಅದೇ ಸಾಲು, ಮೂರನೆಯ ಪುಟ. ಟಿಕ್ ಮಾಡಿಕೊಂಡೆ. ಟೀ ಸೆಟ್ಟನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಇಟ್ಟೆ. ಅಭ್ಯಾಸದಿಂದ ನನ್ನ ಎಮರ್ಜೆನ್ಸಿ ಡಬ್ಬಿಯನ್ನೂ ಅದರ ಪಕ್ಕದಲ್ಲಿಟ್ಟುಕೊಂಡೆ.

ಮನೆಯ ಮುಂದೆ ಸಾರಿಸಿ ರಂಗೋಲಿ ಹಾಕಿದ್ದರು. ಬೀಗರು ಬರುತ್ತಾರೆಂದು ಭಟ್ಟಿ ಆರಿಸಿದ್ದರು. ಆ ಓಣಿಯಲ್ಲಿ ಅದೊಂದೇ ಮನೆಯ ಮೇಲೆ ಹೊಗೆ ಇರಲಿಲ್ಲ. ಅಜ್ಜಿ ಹೊಸ ಇಳಕಲ್ ಸೀರೆ ಉಟ್ಟು ಬಾಗಿಲಲ್ಲೇ ನನ್ನ ಕೈ ಹಿಡಿದಳು.

"ಸಿಸ್ಟರಮ್ಮ, ನಿಮಗೊಂದು ಮಾತು ಹೇಳತೀನಿ, ಖುಷಿ ಆಗ್ರಿ. ನಮ್ ಹುಡುಗ ಭಾಳ ಚುರುಕಾಗ್ಯಾನ. ನಿನ್ನಿಯಿಂದ ಚೀಲ ಇಡದನ ಓದತಾನ ನೋಡ್ರಿ! ಚೀಲ ಬಾಜೂಕ ಸರಿಸಿ, ಬರೇ ಪೇಪರ್ ಹಿಡಕೊಂಡು, ಎಲ್ಲೂ ತಡಿಯಂಗಿಲ್ಲ. ಏನ್ ಚಂದ ಓದತಾನ!"

ಅವಳ ಮುಖ ನೋಡಿದೆ. ನಿಜವಾಗಿಯೂ ಖುಷಿಯಾಗಿದ್ದಳು. ಬೆಳಿಗ್ಗೆ ಅವನು ಸರಸರ ಓದಿದ್ದು ಆಗ ನನ್ನ ಕಿವಿಗೆ ಬಂತು.

ಕೋಣೆಯಲ್ಲಿ ಅವನು ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ನನ್ನನ್ನು ನೋಡಿದೊಡನೆ ಕೈ ನಿಂತಿತು. ಬಾಗಿಲು ಹಾಕಿದೆ.

"ಬೆಳಗಿನ ಚೀಲ ಎಲ್ಲಿ?"

"ಚೆಲ್ಲಿದೆ ಸಿಸ್ಟರ್."

"ಮಲಕ್ಕೊ."

ಹೊಟ್ಟೆಯ ಮೇಲೆ ಕೈ ಇಟ್ಟು ಮೆಲ್ಲಗೆ ಒತ್ತಿ ಬಿಟ್ಟೆ. ಅವನು ಕೂಗಲಿಲ್ಲ, ತುಟಿ ಕಚ್ಚಿದ. ಹಣೆ ಕಾದಿತ್ತು. ಕೈ ತೊಳೆದೆ. ಒಳಗಿನ ನೀರನ್ನು ಇಳಿಸಿ, ಚೀಲವನ್ನು ಪೇಪರಿನ ಮೇಲೆ ಇಟ್ಟೆ. ಗಂಜಿ. ಕೆಳಗೆ ಅಕ್ಷರಗಳಿರಲಿ, ಫೋಟೋ ಕೂಡ ಕಾಣಲಿಲ್ಲ.

"ವೈ?" ಎಂದೆ.

"ನಿನ್ನೆ ಮುಂಜಾನಿಂದ ಹಿಂಗೈತಿ. ಹೇಳಿದ್ರ ನೀವು ದಾವಣಗೇರಿಗೆ ಎತ್ತಿ ಹಾಕ್ತಿದ್ರಿ. ಆಸ್ಪತ್ರ್ಯಾಗ ಅದಾನ ಅಂತ ಗೊತ್ತಾದ್ರ ಅವರು ಬರ್ತಿದ್ರೇನ್ರಿ? ಇನ್ನೊಂದು ತಾಸಿಗೆ ಬರ್ತಾರ ಸಿಸ್ಟರ್. ಅಣ್ಣ ಅನ್ನಿಸಿಕೊಂಡವ ಒಂದೀಟು ಹೊರಗ ಕುಂತು ಎದ್ರ ಸಾಕು. ಆಮ್ಯಾಲೆ ಎಲ್ಲಿಗಿ ಬೇಕಾದ್ರ ಹೊತ್ಕೊಂಡು ಹೋಗ್ರಿ."

ಭಟ್ಟಿಯ ಫೋನಿನಿಂದ ದಾವಣಗೆರೆಗೆ ಮಾತಾಡಿದೆ, ಅಪ್ಪನಿಗೆ ತಿಳಿಯದಿರಲೆಂದು ಪೂರ್ತಿ ಇಂಗ್ಲೀಷಿನಲ್ಲಿ. ಡಾಕ್ಟರು ಹೇಳಿದರು: ನೀರಿನ ಸ್ಯಾಂಪಲ್ ತೆಗೆದುಕೊಳ್ಳಿ, ಹೊಸ ಚೀಲಕ್ಕೆ ಆ್ಯಂಟಿಬಯೋಟಿಕ್ ಸೇರಿಸಿ ಹೊಟ್ಟೆಗೆ ಬಿಡಿ, ಅದು ಆರು ಗಂಟೆ ಒಳಗೇ ಇರಬೇಕು. ಅಷ್ಟರಲ್ಲಿ ಅವನನ್ನು ಇಲ್ಲಿ ತಲುಪಿಸಿ.

ಗಾಡಿ? ಊರಲ್ಲಿದ್ದ ಎರಡು ಬಾಡಿಗೆ ಕಾರುಗಳೂ ಮದುವೆಗೆ ಹೋಗಿದ್ದವು. ಬಸ್ಸಿನಲ್ಲಿ ಈ ಸ್ಥಿತಿಯಲ್ಲಿ ನಿಲ್ಲಿಸಿಕೊಂಡು ಹೋಗುವಂತಿಲ್ಲ. ಲಗೇಜ್ ಆಟೋ ದಾವಣಗೆರೆ ಮುಟ್ಟುವ ಮಾತಿಲ್ಲ. ಕೂಡ್ಲಿಗಿಯ ಬಾಡಿಗೆ ಕಾರಿನವರಿಗೆ ಫೋನ್ ಮಾಡಿದೆ. ಬರಲು ಒಂದೂವರೆ ಗಂಟೆ ಎಂದರು. ಅಷ್ಟು ಹೊತ್ತು ನಾನು ಅವನನ್ನು ಕೋಣೆಯಲ್ಲಿ ಮಲಗಿಸಬಹುದಿತ್ತು, ಇಲ್ಲವೆ ಹೊರಗೆ ಕೂರಲು ಬಿಡಬಹುದಿತ್ತು. ಔಷಧಿ ಹೇಗಿದ್ದರೂ ಒಳಗೆ ಕೂತು ಕೆಲಸ ಮಾಡುತ್ತದೆ. ನನ್ನ ಡಬ್ಬಿಯಿಂದ ಆ್ಯಂಟಿಬಯೋಟಿಕ್ ವಯಲ್ ತೆಗೆದು, ಸಿರಿಂಜಿನಲ್ಲಿ ಎಳೆದು, ಚೀಲದ ಪೋರ್ಟ್ ಅನ್ನು ಸ್ಪಿರಿಟ್ಟಿನಿಂದ ಒರೆಸಿ ಚುಚ್ಚಿದೆ. ಚೀಲ ತೂಗುಹಾಕಿ, ನೀರು ಇಳಿಯುವುದನ್ನು ನೋಡುತ್ತಾ, "ಅರ್ಧ ಗಂಟೆ. ಗೋಡೆಗೆ ಒರಗಿ ಕೂರಬೇಕು. ಕಾರು ಬಂದ ಕೂಡಲೇ ಏಳಬೇಕು" ಎಂದೆ.

"ಥ್ಯಾಂಕ್ಯೂ ಸಿಸ್ಟರ್" ಎಂದ. ಆಗ ಅಣಕ ಇರಲಿಲ್ಲ.

ಬೀಗರು ಜೀಪಿನಲ್ಲಿ ಬಂದರು. ಗಂಡಿನ ಕಡೆಯ ಹಿರಿಯರು, ವರನ ದೊಡ್ಡಪ್ಪ, ಬಿಳಿ ಮೀಸೆಯ ಗಟ್ಟಿ ಆಳು. ಬಂದವರೇ ನನ್ನತ್ತ ನೋಡಿ, "ಇವರು ಯಾರು ಗೊತ್ತಾಗ್ಲಿಲ್ಲ" ಎಂದರು. ಅಪ್ಪ ಮಗನ ಕಡೆ ನೋಡಿದ. ಹುಡುಗ ಗೋಡೆಗೆ ಒರಗಿದಲ್ಲಿಂದಲೇ ಹೇಳಿದ:

"ನಮ್ ತಂಗಿಗೆ ಇಂಗ್ಲೀಷ್ ಹೇಳಿಕೊಡೋ ಟೀಚರ್ರೀ."

"ಓಹೋ. ಹಂಗಾದ್ರೆ ನಮ್ಮನೆ ಸೊಸೆ ಇನ್ನು ಮುಂದೆ ಇಂಗ್ಲೀಷಲ್ಲೇ ಬೈತಾಳೆ ಅನ್ನು!" ಎಲ್ಲರೂ ನಕ್ಕರು. ನಾನೂ ನಕ್ಕೆ. ಮದರ್ ಕೊಟ್ಟ ಕಪ್ಪುಗಳಲ್ಲಿ ಟೀ ಹೋಯಿತು. ತಟ್ಟೆಗಳಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಹಿರಿಯರು ಒಂದು ತಟ್ಟೆಯನ್ನು ಹುಡುಗನತ್ತ ತಳ್ಳಿ, "ತಗಳ್ಳಪ್ಪ, ನಿಮ್ಮನೇದೇ" ಎಂದರು. ಅವನು ನನ್ನನ್ನು ಒಮ್ಮೆ ನೋಡಿ, ಒಂದು ಹಿಡಿ ಎತ್ತಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. ಹಣೆಯ ಮೇಲೆ ಬೆವರು ಮಣಿಗಟ್ಟಿತ್ತು. ಅಂಗಿಯ ಕೆಳಗೆ ಎರಡು ಲೀಟರ್ ನೀರಿನ ಉಬ್ಬನ್ನು ಮುಚ್ಚಲು ಟವೆಲನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. ತಂಗಿ ಬಂದು ನಮಸ್ಕಾರ ಮಾಡಿದಳು. ಎಲೆ ಅಡಿಕೆ ಬದಲಾಯಿತು. ಅವನು ಗೋಡೆ ಹಿಡಿದು ಎದ್ದು ನಿಂತು ಎಲ್ಲರಿಗೂ ಕೈ ಮುಗಿದ.

ಆಗ ಆ ಹಿರಿಯರು ಎದ್ದು ಬಂದು, ಅವನ ಹಣೆಗೆ ಅಂಗೈ ಇಟ್ಟರು.

"ಕೆಂಡ ಆಗೈತೆ. ಟೀಚರಮ್ಮ, ನೀವು ಇವನ ನರ್ಸಲ್ವಾ?"

ಹಿರಿಯರು ಅಪ್ಪನ ಕಡೆ ತಿರುಗಿದರು.

"ಏನಪ್ಪಾ ನೀವು! ನಮ್ಮೂರ ಸಂತೆಗೆ ವರ್ಷಗಟ್ಟಲೆ ಮಂಡಕ್ಕಿ ತಂದ ಹುಡುಗ. ಯಾಕೆ ಬರೋದು ನಿಂತ ಅಂತ ನಾವು ಕೇಳಲ್ವಾ? ನೋಡಾಕೆ ಬರೋ ಮೊದ್ಲೇ ಎಲ್ಲಾ ಕೇಳ್ಕಂಡೇ ಬಂದಿದೀವಿ. ಹುಡುಗಿ ಚೆನ್ನಾಗವಳೆ, ಮನೆತನ ಚೆನ್ನಾಗೈತೆ, ಅಷ್ಟೇ ನಮಗೆ. ಇವನನ್ನ ಇಲ್ಲಿ ಕೂರಿಸ್ಕಂಡು ಏನ್ ನಾಟಕ ಮಾಡ್ತಿದ್ದೀರಾ? ಜೀಪು ಐತೆ. ಏಳ್ರಿ ಮೊದ್ಲು."

ಅಪ್ಪ ಅವರಿಗೆ ಕೈ ಮುಗಿದ. ಹುಡುಗ ಮಾತ್ರ ನಕ್ಕುಬಿಟ್ಟ, ಹೊಟ್ಟೆ ಹಿಡಿದುಕೊಂಡು, ನೋವಿನಲ್ಲೇ. ಎಲ್ಲರಿಗೂ ಗೊತ್ತಿದ್ದ ಒಂದು ವಿಷಯವನ್ನು ಮುಚ್ಚಿಡಲು ಅವನು ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಬೆಳಗು ಆ ಗಂಜಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ.

ಜೀಪಿನಲ್ಲಿ ಅವನ ತಲೆ ಅಜ್ಜಿಯ ತೊಡೆಯ ಮೇಲೆ. ಹರಪನಹಳ್ಳಿ ದಾಟಿದ ಮೇಲೆ ಕಣ್ಣು ತೆರೆದು, "ಸಿಸ್ಟರ್, ಬೀಗರ ಗಾಡ್ಯಾಗ ಬೀಗರನ್ನ ಹೊಟ್ಟ್ಯಾಗ ಇಟಕೊಂಡು ಹೊಂಟೀನಿ ನೋಡ್ರಿ" ಎಂದ. ಮುಂದಿನ ಸೀಟಿನಲ್ಲಿದ್ದ ಹಿರಿಯರಿಗೆ ಅರ್ಥವಾಗಲಿಲ್ಲ.

ಸ್ಯಾಂಪಲ್ಲಿನ ರಿಪೋರ್ಟ್ ಬಂದಾಗ ಅದರಲ್ಲಿ ಬ್ಯಾಕ್ಟೀರಿಯಾ ಇರಲಿಲ್ಲ. ಫಂಗಸ್. ನಾನು ಚುಚ್ಚಿದ್ದ ಔಷಧಿ ಅದಕ್ಕೆ ನೀರಿಗೆ ಸಮ. ಫಂಗಸ್ ಬಂದರೆ ಕೊಳವೆ ಕೀಳಲೇಬೇಕು, ಮೊದಲ ದಿನ ಬಂದಿದ್ದರೂ ಕೀಳಬೇಕಿತ್ತು ಎಂದರು ಡಾಕ್ಟರು. ಅವರು ಅದನ್ನು ನಮ್ಮ ಸಮಾಧಾನಕ್ಕೆ ಹೇಳಿದರೋ, ನಿಜವೋ, ನಾನು ಕೇಳಲಿಲ್ಲ. ಎಲ್ಲಿಂದ ಬಂತು? ಮಸಿ, ಹೊಟ್ಟಿನ ಧೂಳು, ತೇವದ ಗೋಡೆ, ಬೆರಳು, ಯಾವುದು ಬೇಕಾದರೂ ಇರಬಹುದು. ವಾರ್ಡಿನ ಹೊರಗೆ ಅಜ್ಜಿ ನನ್ನ ಸೆರಗು ಹಿಡಿದಳು.

"ಅವತ್ತು ಮೊರದಾಗ ಗಾಳಿ ಬೀಸಿದ್ನೆಲ್ರೀ. ಅದಕ್ಕೇನ್ರೀ?"

"ಅಲ್ಲ ಅಜ್ಜಿ. ಅದಾಗಿ ಎಷ್ಟು ತಿಂಗಳಾಯಿತು. ಅದಕ್ಕಲ್ಲ."

"ಮತ್ತ ಯಾಕ್ರೀ?"

ನಲವತ್ತು ವರ್ಷ ಸರ್ವೀಸ್ ಮಾಡಿದವಳು ನಾನು. ಸೆರಗನ್ನು ಅವಳ ಕೈಯಲ್ಲೇ ಬಿಟ್ಟು, ಬೆಂಚಿನ ಮೇಲೆ ಅವಳ ಪಕ್ಕ ಕೂತೆ.

ಕೊಳವೆ ತೆಗೆದರು. ಮತ್ತೆ ಮೆಷಿನ್. ಪ್ರತಿ ಸಲ ಬಿ.ಪಿ. ಬೀಳುವುದು, ಕಾಲು ಎತ್ತಿ ಹಿಡಿಯುವುದು, ಸಲೈನ್ ಬಿಡುವುದು, ಅರ್ಧಕ್ಕೇ ನಿಲ್ಲಿಸುವುದು. ರಕ್ತದೊಳಗಿನ ವಿಷ ಇಳಿಯುತ್ತಲೇ ಇರಲಿಲ್ಲ. ನಾನು ರಜೆ ಹಾಕಿ ಹೋದಾಗಲೆಲ್ಲ ಮೆಷಿನ್ನಿನ ಪಕ್ಕದಲ್ಲಿ ನಿಂತು ಅವನ ಕೈ ಹಿಡಿದುಕೊಳ್ಳುತ್ತಿದ್ದೆ. ಬೇರೆ ಮಾಡಲು ಏನಿತ್ತು? ಕಲಿಸುವ ಸ್ಟೆಪ್ ಒಂದೂ ಉಳಿದಿರಲಿಲ್ಲ. ಕೊನೆಗೆ ಡಾಕ್ಟರು ಅಪ್ಪನನ್ನು ಕರೆದು ಬಹಳ ಮೆಲ್ಲಗೆ ಮಾತಾಡಿದರು. ಹುಡುಗ ತಾನೇ ಹೇಳಿದ, "ಮನಿಗೆ ಹೋಗೋಣ್ರಿ. ಆ ಕ್ವಾಣಿಗಿ ಆಯಿಲ್ ಪೇಂಟ್ ಹೊಡಿಸೀರಿ, ಸುಮ್ನ ಹಾಳಾಗತೈತಿ."

ಮನೆಗೆ ತಂದ ಮೇಲೆ ನಾನು ದಿನಾ ಹೋಗುತ್ತಿದ್ದೆ. ಆ ಕೋಣೆಯ ಬಾಗಿಲು ಈಗ ತೆರೆದಿತ್ತು, ಫ್ಯಾನ್ ತಿರುಗುತ್ತಿತ್ತು, ಯಾರು ಬೇಕಾದರೂ ಬಂದು ಕೂರುತ್ತಿದ್ದರು. ಅಜ್ಜಿ ಮೊರದಿಂದ ಗಾಳಿ ಬೀಸುತ್ತಿದ್ದಳು. ಅವನು ಕೇಳಿದಾಗ ಒಂದೆರಡು ಮಂಡಕ್ಕಿ ಕಾಳನ್ನು ನಾಲಗೆಯ ಮೇಲೆ ಇಡುತ್ತಿದ್ದಳು. ನಾನು ಏನನ್ನೂ ಬೇಡ ಎನ್ನಲಿಲ್ಲ.

ಒಂದು ಬೆಳಿಗ್ಗೆ, ಓ.ಪಿ.ಡಿ. ತೆರೆಯುವ ಮುನ್ನ, ಅದೇ ಹೊತ್ತಿಗೆ ಫೋನ್ ಬಂತು. ನಾನು ಎಷ್ಟು ಮೂರ್ಖಳೆಂದರೆ, ಕೈ ತಾನಾಗಿಯೇ ಪೇಪರನ್ನು ಹತ್ತಿರ ಎಳೆದುಕೊಂಡಿತು. ಆ ಕಡೆ ಅಜ್ಜಿ. ಅವಳಿಗೆ ಫೋನ್ ಮಾಡಲು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ.

"ಸಿಸ್ಟರಮ್ಮ," ಎಂದಳು. "ಇವತ್ತು ಅವ ಓದಂಗಿಲ್ರೀ."

ತಂಗಿಯ ಮದುವೆ ತಡವಾಗಿಯಾದರೂ ಆಯಿತು. ಬೀಗರು ಮಾತು ತಪ್ಪಲಿಲ್ಲ. ಅದು ಮುಗಿದ ಮೇಲೆ ಒಂದು ದಿನ ದಾವಣಗೆರೆಯ ಡಾಕ್ಟರು ಕೇಳಿದರು: ಆ ಮನೆಯಲ್ಲಿ ಬಳಸದ ಚೀಲಗಳ ಪೆಟ್ಟಿಗೆಗಳು ಉಳಿದಿರಬೇಕಲ್ಲ, ಹಡಗಲಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ಈಗಷ್ಟೇ ಟ್ಯೂಬ್ ಹಾಕಿದ್ದೇನೆ, ಕಳಿಸಿಕೊಡಲು ಆಗುತ್ತದೆಯೇ?

ಹೋದೆ. ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಗಳು ಸೂರಿನವರೆಗೆ ಹಾಗೇ ಇದ್ದವು. ಆಯಿಲ್ ಪೇಂಟಿನ ಮೇಲೆ ಮತ್ತೆ ತೆಳ್ಳಗೆ ಮಸಿ ಹತ್ತಿತ್ತು. ಅಪ್ಪ ಒಂದೊಂದೇ ಪೆಟ್ಟಿಗೆಯನ್ನು ಲಗೇಜ್ ಆಟೋಗೆ ಹೊತ್ತು ಹಾಕಿದ. ಕೊನೆಯದು ಬಾಯಿ ತೆರೆದಿತ್ತು. ಅಜ್ಜಿ ಅದರಿಂದ ಒಂದು ಚೀಲವನ್ನು ಎರಡೂ ಕೈಯಿಂದ ಎತ್ತಿಕೊಂಡಳು, ಕೂಸನ್ನು ಎತ್ತಿದ ಹಾಗೆ. ಮೂಲೆಯಿಂದ ಒಂದು ಪೇಪರ್ ತಂದು ನೆಲಕ್ಕೆ ಹಾಸಿದಳು. ಚೀಲವನ್ನು ಅದರ ಮೇಲಿಟ್ಟು, ಹರಿಯದ ಪಾರದರ್ಶಕ ಹೊದಿಕೆಯನ್ನು ಅಂಗೈಯ ಕೆಳಗೆ ಬಿಗಿಯಾಗಿ ಎಳೆದು ಹಿಡಿದು, ನನ್ನ ಮುಖ ನೋಡಿದಳು.

"ಓದ್ರಿ."

ನನ್ನ ಮೊಣಕಾಲು ಆಗಲೇ ಸವೆದಿತ್ತು. ಗೋಡೆ ಹಿಡಿದು ನೆಲಕ್ಕೆ ಕೂತೆ. ಕನ್ನಡಕ ಸರಿಮಾಡಿಕೊಂಡೆ. ಬಳಸದ ನೀರು, ಅದಕ್ಕಿಂತ ತಿಳಿಯಾದದ್ದು ಇನ್ನೇನಿರುತ್ತದೆ? ಅಕ್ಷರಗಳು ದಪ್ಪಗೆ, ಡೊಂಕಾಗಿ ಮೇಲೆ ಬಂದವು. ನಾನು ತಡವರಿಸುತ್ತಾ ಓದಿದೆ.

"ಹರಪನಹಳ್ಳಿ... ಸಂತೆ ಮೈದಾನದ... ದೀಪ ದುರಸ್ತಿಗೆ... ವ್ಯಾಪಾರಿಗಳ ಮನವಿ."

"ಪೂರ್ತಿ ಓದಿದ್ರ್ಯಾ?"

"ಪೂರ್ತಿ."

"ತಿಳಿ ಐತೇನ್ರೀ?"

"ತಿಳಿ ಐತಿ, ಅಜ್ಜಿ."

ಅವಳು ಚೀಲದ ಅಡಿಯನ್ನು ಸೆರಗಿನಿಂದ ಒರೆಸಿದಳು. ಪೆಟ್ಟಿಗೆಯೊಳಗೆ ಅದರ ಜಾಗದಲ್ಲಿ ಇಟ್ಟು, ಬಾಯಿ ಮಡಿಚಿದಳು.

"ಹಂಗಾರ ಒಯ್ರಿ. ಹಡಗಲಿ ಹುಡುಗಿಗಿ ಹೇಳ್ರಿ, ಚೀಲ ಸರಿಸಿ ಓದಬ್ಯಾಡ ಅಂತ."